ಕಾರಂತರ ಯಕ್ಷಗಾನ ಯಾರ ಸೊತ್ತು?



ವಿಲ್ಸನ್ ಗಾರ್ಡನ್ನಿನ ಮನೆಯಲ್ಲಿ ಕುಳಿತು, ಮೆಚ್ಚಿದ ಯಕ್ಷಗಾನವನ್ನು ಅಂತರ್ಜಾಲಕ್ಕೆ ಏರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಶಿವರಾಮ ಕಾರಂತರು 1997ರಲ್ಲಿ ತೀರಿಕೊಂಡರು. ಅವರು ಹೊಸದಾಗಿ ರೂಪಿಸಿದ ಬ್ಯಾಲೆಯ ಪ್ರಸಂಗವೊಂದನ್ನು ಮಣಿಪಾಲದ ಸಂಸ್ಥೆಯೊಂದು 2001ರಲ್ಲಿ ದೆಹಲಿಯಲ್ಲಿ ಆಡಿಸಿತು. ಕಾರಂತರ ಉಯಿಲಿನಿಂದ ಹಕ್ಕು ಪಡೆದವರು ದಾವೆ ಹೂಡಿದರು. 2009ರಲ್ಲಿ ಸುಪ್ರೀಂ ಕೋರ್ಟು ಆ ಹಕ್ಕನ್ನು ಎತ್ತಿಹಿಡಿಯಿತು. ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನ ವಿನಾಯಿತಿಗಳು ಮಾತ್ರ ಸಂಸ್ಥೆಗೂ ಉಂಟೆಂದಿತು.

ಅಂದರೆ, ಪರಂಪರೆ ಎಲ್ಲರದು; ಅದರಿಂದ ಕಾರಂತರು ಕಟ್ಟಿದ್ದು ಕಾರಂತರದು. ವಿಮರ್ಶೆಗೆ, ಸ್ವಂತ ಅಧ್ಯಯನಕ್ಕೆ ನ್ಯಾಯವಾದಷ್ಟು ಬಳಸಬಹುದು. ಇಡಿಯಾಗಿ ಏರಿಸಲು ಅನುಮತಿ ಬೇಕು. ಕರ್ತೃವಿನ ಹೆಸರು ಹಾಕಿದರಷ್ಟೇ ಸಾಲದು. ಮರಣದ ಬಳಿಕವೂ ಹಕ್ಕು 60 ವರ್ಷ ಉಳಿಯುತ್ತದೆ. ಕಾರಂತರದು 2057ರ ಕೊನೆಯವರೆಗೆ. ಆಮೇಲೆ ಅದೂ ಎಲ್ಲರದು.