ಕಾಡುದಾರಿಯ ನಾಲ್ಕು ಬಣ್ಣಗಳು

ಸೈಕಲ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವವರು ಶಾಲೆಗೆ ಹೋಗುವ ಮಕ್ಕಳು, ಮನೆಮನೆಗೆ ಪತ್ರಿಕೆ ಹಾಕುವ ಹುಡುಗ, ಸಂತೆಯಿಂದ ಹಿಂದಿರುಗುವ ರೈತ. ಇವರ ಸವಾರಿಗೆಲ್ಲ ಒಂದು ಗುರಿಯುಂಟು. ಆದರೆ ಎಲ್ಲಿಗೂ ಹೋಗಬೇಕಾದ ಕೆಲಸವಿಲ್ಲದೆ, ಬೆಟ್ಟದ ಕಾಡನ್ನು ಹೊಕ್ಕು, ಕಲ್ಲುಬೇರುಗಳ ಮೇಲೆ ಹತ್ತಿ ಇಳಿದು, ಹೊರಟ ಜಾಗಕ್ಕೇ ಮರಳಿ ಬರುವ ಸವಾರಿಯೂ ಒಂದಿದೆ. ಅದಕ್ಕೆಂದೇ ಕಾಡಿನಲ್ಲಿ ದಾರಿ ಕಡಿದು, ಸವಾರರ ಶಕ್ತಿಗೆ ತಕ್ಕಂತೆ ವಿಂಗಡಿಸಿಟ್ಟ ಕೇಂದ್ರಗಳು ಬ್ರಿಟನ್ನಿನಲ್ಲಿ ಹಲವಾರಿವೆ. ಅವುಗಳ ವಿಷಯವಾಗಿ ಈ ಹೊತ್ತು ನಾಲ್ಕು ಮಾತು. ಬರಿಯ ಆಟದ ಸಂಗತಿಯೆಂದು ತಳ್ಳಿಬಿಡಬೇಡಿ. ಕಲಿಸುವವರೂ ಕಲಿಯುವವರೂ ಗಮನಿಸತಕ್ಕ ವಿಚಾರವೊಂದು ಇದರಲ್ಲಿದೆ.

ಈ ಆಟ ಮೈತುಂಬಿಕೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ೧೯೭೦ರ ದಶಕದಲ್ಲಿ ಅಲ್ಲಿನ ಮ್ಯಾರಿನ್ ಪ್ರಾಂತದ ಕೆಲವು ತರುಣರು, ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. ೧೯೭೬ರಲ್ಲಿ ಒಂದು ಕಡಿದಾದ ಇಳಿಜಾರಿನಲ್ಲಿ ಪಂದ್ಯವನ್ನೂ ಆರಂಭಿಸಿದರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂಗಾಲಿಯ ಬ್ರೇಕು ಕಾದು, ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತಂತೆ. ಮತ್ತೆ ಗ್ರೀಸು ತುಂಬದೆ ಗತಿಯಿಲ್ಲ. ಆದ್ದರಿಂದಲೇ ಆ ಇಳಿಜಾರಿಗೆ ‘ರೀಪ್ಯಾಕ್’, ಅಂದರೆ ‘ಮರಳಿ ತುಂಬು’ ಎಂಬ ಹೆಸರು ನಿಂತಿತು. ಇಪ್ಪತ್ತು ವರ್ಷ ತುಂಬುವುದರೊಳಗೆ, ೧೯೯೬ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಬೆಟ್ಟದ ಸೈಕಲ್ ಪಂದ್ಯಕ್ಕೆ ಸ್ಥಾನ ದೊರೆಯಿತು.

ಬ್ರಿಟನ್ನಿನ ಕಥೆ ಬೇರೆ. ಮೊದಲನೆಯ ಮಹಾಯುದ್ಧದಲ್ಲಿ ಆ ದೇಶಕ್ಕೆ ಮರಮುಟ್ಟಿನ ಬರ ಬಂದಿತ್ತು. ಕಲ್ಲಿದ್ದಲ ಗಣಿಗಳ ಚಾವಣಿಗೆ ಆನಿಕೆ ಕೊಡುವ ಕಂಬಗಳಿಗೂ ಪರದೇಶದ ಮುಖ ನೋಡಬೇಕಾಗಿತ್ತು. ಈ ಅನುಭವದಿಂದ ೧೯೧೯ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿ, ಬೋಳು ಬೆಟ್ಟಗಳಲ್ಲಿ ಬೇಗ ಬೆಳೆಯುವ ಮರಗಳನ್ನು ನೆಡಿಸಿದರು. ವೇಲ್ಸ್ ನಾಡಿನ ಡೊಲ್ಗೆಲ್ಲೈ ಪಟ್ಟಣದ ಸಮೀಪದಲ್ಲಿರುವ ಕೋಯ್ಡ್-ಅ-ಬ್ರೆನಿನ್ ಅಂಥದೊಂದು ಕಾಡು. ಐದನೆಯ ಜಾರ್ಜ್ ದೊರೆಯ ರಜತೋತ್ಸವದ ನೆನಪಿಗಾಗಿ ೧೯೩೫ರಲ್ಲಿ ಇಟ್ಟ ಹೆಸರು ಅದು. ‘ಅರಸನ ಕಾಡು’ ಎಂದು ಅರ್ಥ. ಮರಕ್ಕಾಗಿ ಬೆಳೆಸಿದ ಈ ಕಾಡಿನಲ್ಲಿ, ದಾವಿದ್ ಡೇವಿಸ್ ಎಂಬ ಅರಣ್ಯಾಧಿಕಾರಿ ೧೯೯೦ರ ದಶಕದಲ್ಲಿ ಸೈಕಲ್ಲಿಗೆಂದೇ ಒಂಟಿಜಾಡುಗಳನ್ನು ಕಟ್ಟಿಸಿದರು. ಬ್ರಿಟನ್ನಿನಲ್ಲಿ ಈ ಬಗೆಯ ಕೇಂದ್ರಗಳಿಗೆ ಮೊದಲ ಮಾದರಿ ಅದೇ. ಮುಂದೆ ದಕ್ಷಿಣ ಸ್ಕಾಟ್ಲೆಂಡಿನ ಕಾಡುಗಳಲ್ಲಿ ‘ಸೆವೆನ್ ಸ್ಟೇನ್ಸ್’, ಎಂದರೆ ‘ಏಳು ಕಲ್ಲುಗಳು’ ಎಂಬ ಹೆಸರಿನ ಕೇಂದ್ರಗಳ ಸರಣಿಯೇ ಬೆಳೆಯಿತು.

ಇಂಥ ದಾರಿಗೆ ಮೊದಲನೆಯ ಶತ್ರು ನೀರು. ನೀರು ಹರಿದ ಕಡೆಯೇ ಗಾಲಿಯೂ ಹರಿದರೆ ದಾರಿ ಕೊರಕಲಾಗಿ ಹಳ್ಳವಾಗುತ್ತದೆ. ಆದುದರಿಂದ ಬೆಟ್ಟವನ್ನು ನೇರವಾಗಿ ಇಳಿಸದೆ, ಅದರ ಪಕ್ಕೆಯನ್ನು ಬಳಸಿಕೊಂಡು ದಾರಿಯನ್ನು ಒಯ್ಯುತ್ತಾರೆ. ನೆಲವನ್ನು ಹೊರಮಗ್ಗುಲಿಗೆ ಕೊಂಚ ವಾಟವಾಗಿಸಿ, ಅಲ್ಲಲ್ಲಿ ಇಳಿಜಾರನ್ನು ತಡೆದು ಒಂದು ಚಿಕ್ಕ ಏರು ಕೊಡುತ್ತಾರೆ. ಬಿದ್ದ ಮಳೆ ದಾರಿಯುದ್ದಕ್ಕೂ ಓಡದೆ ಅಡ್ಡಲಾಗಿ ಜಾರಿಹೋಗುತ್ತದೆ. ಹೆಚ್ಚು ಸವೆಯುವ ಕಡೆ ಕೈಯಿಂದಲೇ ಕಲ್ಲು ಜೋಡಿಸುತ್ತಾರೆ.

ಇನ್ನು ಬಣ್ಣಗಳ ಮಾತು. ಹಸುರು ಎಂದರೆ ಅಗಲವಾದ, ಸಮನಾದ ದಾರಿ. ಮಕ್ಕಳು, ಹೊಸಬರು ಹೋಗಬಹುದು. ನೀಲಿಯಲ್ಲಿ ಜಾಡು ಕಿರಿದಾಗಿ ಸಣ್ಣ ಏರಿಳಿತಗಳು ಬರುತ್ತವೆ. ಕೆಂಪು ದಾರಿಯಲ್ಲಿ ಕಡಿದಾದ ಏರು, ಬೇರು, ಮೆಟ್ಟಿಲುಗಲ್ಲುಗಳಿವೆ, ಅಭ್ಯಾಸವಿಲ್ಲದವರಿಗೆ ತಕ್ಕುದಲ್ಲ. ಕಪ್ಪು ಪಳಗಿದವರಿಗೆ ಮಾತ್ರ. ದಾರಿಯ ಬಾಯಲ್ಲೇ ಒಂದು ಫಲಕ ನಿಲ್ಲಿಸಿ ಬಣ್ಣ, ಉದ್ದ, ಬೇಕಾಗುವ ಹೊತ್ತು, ಇಂಥವರಿಗೆ ತಕ್ಕುದು ಎಂಬುದನ್ನೆಲ್ಲ ಬರೆದಿರುತ್ತಾರೆ.

ಇದನ್ನು ಕೇಳಿದಾಗ ನಮ್ಮ ಹಳೆಯ ಶಾಸ್ತ್ರಗ್ರಂಥಗಳ ಪದ್ಧತಿ ನೆನಪಾಗುತ್ತದೆ. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿ ಆಮೇಲೆ ಗ್ರಂಥಕ್ಕೆ ತೊಡಗುವುದು ಅಲ್ಲಿನ ಸಂಪ್ರದಾಯ. ಓದುವವನಿಗೆ ತಕ್ಕ ಸಿದ್ಧತೆಯಿದೆಯೇ ಎಂಬುದು ಮೊದಲ ಪ್ರಶ್ನೆ. ಆದರೆ ಈ ಅಧಿಕಾರದ ಹೆಸರಿನಲ್ಲಿ ಎಷ್ಟೋ ಜನರಿಗೆ ಹುಟ್ಟಿನ ಕಾರಣದಿಂದಲೇ ವಿದ್ಯೆಯ ಬಾಗಿಲು ಮುಚ್ಚಿಹೋದದ್ದನ್ನೂ ನಾವು ಬಲ್ಲೆವು. ಕಾಡಿನ ಫಲಕ ಯಾರ ಕುಲವನ್ನೂ ಕೇಳುವುದಿಲ್ಲ. ಯೋಗ್ಯತೆ ಅಭ್ಯಾಸದಿಂದ ಬರುತ್ತದೆ. ಇಂದು ಹಸುರಿನಲ್ಲಿ ತಡವರಿಸಿದವನು ಮುಂದೊಮ್ಮೆ ಕೆಂಪಿಗೆ ಹೋದಾನು.

ದಾರಿ ಕಟ್ಟುವವರು ಮಾಡುವ ಒಂದು ಉಪಾಯ ನನಗೆ ಬಹಳ ಮೆಚ್ಚಿಗೆಯಾಯಿತು. ಕಠಿನವಾದ ದಾರಿಯ ಮೊದಲಲ್ಲೇ ಅದರ ಕಾಠಿನ್ಯಕ್ಕೆ ತಕ್ಕ ಒಂದು ಅಡಚಣೆಯನ್ನು ಇಡುತ್ತಾರೆ. ಅದನ್ನು ದಾಟಲಾರದವನು ಮಾನವಾಗಿ ಅಲ್ಲಿಂದಲೇ ಹಿಂದಿರುಗಬಹುದು. ಕಾಡಿನ ನಡುವೆ ಸಿಕ್ಕಿಕೊಂಡು ಕೈಕಾಲು ಮುರಿದುಕೊಳ್ಳಬೇಕಾಗಿಲ್ಲ. ಮೊದಲು ಸುಲಭವೆಂದು ಆಸೆ ತೋರಿಸಿ, ಆಮೇಲೆ ಪ್ರಪಾತಕ್ಕೆ ನೂಕುವ ದಾರಿ ಕೆಟ್ಟ ದಾರಿ. ಕೆಟ್ಟ ಪಾಠವೂ ಹಾಗೆಯೇ. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಕೂರಿಸಿಕೊಂಡು ಒಂದೇ ದಾರಿಯಲ್ಲಿ ಓಡಿಸುವ ನಾವು ಇದನ್ನು ಯೋಚಿಸಬೇಕು. ಹಿಂದೆ ಬಿದ್ದವನಿಗೆ ದಡ್ಡನೆಂಬ ಹೆಸರು ಕೊಡುತ್ತೇವೆ. ಅವನಿಗೊಂದು ಹಸುರು ದಾರಿಯನ್ನು ಕಡಿದಿದ್ದೇವೆಯೇ ಎಂದು ಕೇಳಿಕೊಳ್ಳುವುದಿಲ್ಲ. ಕೋಯ್ಡ್-ಅ-ಬ್ರೆನಿನ್ ಕಾಡಿನಲ್ಲಿ ‘ಮೈನೋಟಾರ್’ ಎಂಬ ನೀಲಿ ದಾರಿಯೊಂದಿದೆ. ಅಂಗವಿಕಲರಿಗಾಗಿ ಮಾಡಿದ ಕೆಲವು ಬಗೆಯ ಸೈಕಲ್ಲುಗಳೂ ಅದರಲ್ಲಿ ಹೋಗಬಲ್ಲವು. ಕಟ್ಟುವಾಗಲೇ ಇವರನ್ನೂ ನೆನೆದರೆ ದಾರಿ ಇವರಿಗೂ ಒದಗುತ್ತದೆ.

ಇಷ್ಟು ಒಳ್ಳೆಯ ಏರ್ಪಾಡಿಗೂ ಕಷ್ಟ ತಪ್ಪಲಿಲ್ಲ. ವೇಲ್ಸಿನ ಪ್ರಕೃತಿ ಸಂಪನ್ಮೂಲ ಸಂಸ್ಥೆಯು ಹಣದ ಅಡಚಣೆಯಿಂದ ೨೦೨೫ರ ಮಾರ್ಚ್ ಕೊನೆಗೆ ಅಲ್ಲಿನ ಉಪಾಹಾರ ಗೃಹವನ್ನೂ ಅಂಗಡಿಯನ್ನೂ ನಡೆಸುವುದನ್ನು ನಿಲ್ಲಿಸಿತು. ಸ್ಥಳೀಯರು ಬಲವಾಗಿ ವಿರೋಧಿಸಿದರು. ದಾರಿಗಳನ್ನೇನೋ ಮುಚ್ಚಲಿಲ್ಲ. ದಾರಿಯಿದ್ದರೆ ಸಾಲದೇ, ಚಹಾದ ಅಂಗಡಿಗೆ ಇಷ್ಟು ಗದ್ದಲವೇ ಎಂದು ನೀವು ಕೇಳಬಹುದು. ಪಳಗಿದ ಸವಾರನಿಗೆ ನಿಜವಾಗಿ ಅಷ್ಟೇ ಸಾಕು. ಅವನು ಬುತ್ತಿ ಕಟ್ಟಿಕೊಂಡು ಬಂದು ಕಪ್ಪು ದಾರಿಗೆ ನುಗ್ಗುತ್ತಾನೆ. ಮಗುವಿನ ಕೈ ಹಿಡಿದು ಮೊದಲ ಸಲ ಬಂದ ತಾಯಿಗೆ ಮಾತ್ರ ಕುಳಿತುಕೊಳ್ಳಲು ಒಂದು ಬೆಚ್ಚಗಿನ ಜಾಗ, ‘ಈ ದಾರಿ ನಮಗಾದೀತೇ?’ ಎಂದು ಕೇಳಲು ಒಬ್ಬ ಮನುಷ್ಯ ಬೇಕು. ಖರ್ಚು ಕಡಿಮೆ ಮಾಡುವಾಗ ಮೊದಲು ಹೋಗುವುದು ಹೊಸಬರಿಗೆ ಬೇಕಾದದ್ದೇ. ನಮ್ಮ ಶಾಲೆ, ಗ್ರಂಥಾಲಯ, ಆಟದ ಬಯಲುಗಳ ಮಾತು ಬಂದಾಗಲೂ ಈ ಲೆಕ್ಕವನ್ನು ನೀವು ಒಮ್ಮೆ ಹಾಕಿ ನೋಡಿ: ಬಲ್ಲವರಿಗೆ ಏನು ಉಳಿಯಿತು, ಹೊಸಬರಿಗೆ ಏನು ಉಳಿಯಿತು ಎಂದು.