ಮೂರಾಣೆಯ ಲೆಕ್ಕ

1963ರ ಆಗಸ್ಟ್ ತಿಂಗಳು. ಸ್ವತಂತ್ರ ಭಾರತದ ಲೋಕಸಭೆಯಲ್ಲಿ ಮೊಟ್ಟಮೊದಲ ಅವಿಶ್ವಾಸ ನಿರ್ಣಯ ಚರ್ಚೆಗೆ ಬಂದಿತ್ತು. ಮಂಡಿಸಿದವರು ಆಚಾರ್ಯ ಕೃಪಲಾನಿ. ನಿರ್ಣಯ ಬಿದ್ದುಹೋಯಿತು, ಬೀಳುತ್ತದೆಂದು ಎಲ್ಲರಿಗೂ ಗೊತ್ತೇ ಇತ್ತು. ಆದರೆ ಫರೂಕಾಬಾದಿನ ಉಪಚುನಾವಣೆ ಗೆದ್ದು ಆಗಷ್ಟೇ ಸದನಕ್ಕೆ ಬಂದಿದ್ದ ಡಾ. ರಾಮಮನೋಹರ ಲೋಹಿಯಾ ಎತ್ತಿದ ಒಂದು ಲೆಕ್ಕ ಮಾತ್ರ ಸರ್ಕಾರದ ಬೆನ್ನು ಬಿಡಲಿಲ್ಲ. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಗಾಗಿ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ ಎಂದರು ಅವರು.

ರೂಪಾಯಿಗೆ ಹದಿನಾರಾಣೆ. 1957ರಲ್ಲೇ ನಯಾಪೈಸೆ ಬಂದಿದ್ದರೂ ಜನರ ಬಾಯಲ್ಲಿ ಇನ್ನೂ ಆಣೆಯೇ ಇತ್ತು. ಹೊಸ ಲೆಕ್ಕದಲ್ಲಿ ಮೂರಾಣೆ ಎಂದರೆ ಸುಮಾರು 19 ಪೈಸೆ.

ನೆಹರೂ ಒಪ್ಪಲಿಲ್ಲ. ತಲಾ ಆದಾಯ ದಿನಕ್ಕೆ ಹದಿನೈದಾಣೆ ಎಂದರು. ಸೆಪ್ಟೆಂಬರಿನಲ್ಲಿ ಈ ಒಂದು ವಿಷಯಕ್ಕೆಂದೇ ಲೋಕಸಭೆ ಮತ್ತೆ ಚರ್ಚೆಗೆ ಕೂತಿತು.

ಎರಡೂ ಅಂಕಿಗಳು ಒಟ್ಟಿಗೆ ನಿಜವಾಗಿರಬಹುದೇ? ಐದು ಜನರನ್ನು ಸಾಲಾಗಿ ಕೂರಿಸಿ ನೋಡೋಣ. ತಲಾ ಹದಿನೈದರಂತೆ ಒಟ್ಟು 75 ಆಣೆ. ಮೊದಲ ಮೂವರಿಗೆ ಮೂರು ಮೂರು ಆಣೆ ಕೊಟ್ಟರೆ ಹೋದದ್ದು ಒಂಬತ್ತೇ ಆಣೆ. ಉಳಿದ 66 ಆಣೆ ಕೊನೆಯ ಇಬ್ಬರ ಪಾಲು: ಒಬ್ಬೊಬ್ಬರಿಗೂ ಎರಡು ರೂಪಾಯಿಯ ಮೇಲೊಂದಾಣೆ. ಸರಾಸರಿ ಹದಿನೈದಾಣೆಯೇ, ಆದರೆ ಆ ಸಾಲಿನಲ್ಲಿ ಯಾರೊಬ್ಬರ ಕೈಯಲ್ಲೂ ಹದಿನೈದಾಣೆ ಇಲ್ಲ. 27 ಕೋಟಿ ಎಂದರೆ ಅಂದಿನ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಐವರಲ್ಲಿ ಮೂವರು. ಲೋಹಿಯಾ ಕೇಳಿದ್ದು ಈ ಮೂವರ ಪಾಲನ್ನು.

ಅದು ಕರಾರುವಾಕ್ಕಾಗಿ ಮೂರಾಣೆಯೇ ಎಂಬುದು ವಾದಕ್ಕೆ ಬಿಟ್ಟದ್ದು. ಸರಾಸರಿಯ ಮರೆಯಲ್ಲಿದ್ದವರನ್ನು ಸದನದ ನಡುವೆ ತಂದು ನಿಲ್ಲಿಸಿದ್ದೇ ದೊಡ್ಡ ಕೆಲಸ. ಹಿಂದಿನ ವರ್ಷವಷ್ಟೇ ಸರ್ಕಾರದ ತಜ್ಞರ ತಂಡವೊಂದು ಒಬ್ಬರ ಕನಿಷ್ಠ ಬದುಕಿಗೆ ತಿಂಗಳಿಗೆ 20 ರೂಪಾಯಿ ಬೇಕೆಂದು ಹೇಳಿತ್ತು, ಅಂದರೆ ದಿನಕ್ಕೆ ಹನ್ನೊಂದಾಣೆಯ ಹತ್ತಿರ.

ಬಡವರ ಪಾಲಿನ ಅಳತೆಗಾಗಿ ಲೋಹಿಯಾ ಜಗಳಕ್ಕೆ ನಿಂತದ್ದು ಅದೇ ಮೊದಲಲ್ಲ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಅಲ್ಲಿಯ ಒಂದು ಮುಖ್ಯ ತಕರಾರು ಕೊಳಗದ್ದೇ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಇಡುತ್ತಿದ್ದರು. ಆ ಜೂನಿನಲ್ಲಿ ಅಲ್ಲಿಗೆ ಬಂದ ಲೋಹಿಯಾರನ್ನು ಪೊಲೀಸರು ಬಂಧಿಸಿದರು.

ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದಿದ್ದ ಅವರು ಸದನದಲ್ಲಿ ಪಟ್ಟುಹಿಡಿದು ಹಿಂದಿಯಲ್ಲೇ ಮಾತಾಡುತ್ತಿದ್ದರು. ಜನರ ವಿಷಯ ಜನರ ಮಾತಿನಲ್ಲೇ ನಡೆಯಬೇಕೆಂಬುದು ಅವರ ಹಟ. 1967ರಲ್ಲಿ ಅವರದೇ ಪಕ್ಷದಿಂದ, ಕಾಗೋಡು ಇರುವ ಅದೇ ಶಿವಮೊಗ್ಗ ಸೀಮೆಯಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು.