ಲ್ಯಾಬ್‌ನಲ್ಲಿ ಪಾಸಾದ ಔಷಧ, ಐದು ಜೀವ

"ಹೆಪಟೈಟಿಸ್ ಬಿ ವೈರಸ್‌ಗೆ ಹೊಸ ಔಷಧ, ಲ್ಯಾಬ್ ಪರೀಕ್ಷೆಯಲ್ಲಿ ಯಶಸ್ಸು" ಅನ್ನೋ ತರದ ಸುದ್ದಿ ನೀವೂ ಓದಿರ್ತೀರಿ. ಆ ಲ್ಯಾಬ್‌ನಲ್ಲಿ ನಿಜಕ್ಕೂ ಏನು ಮಾಡ್ತಾರೆ ಅನ್ನೋದೇ ಇವತ್ತಿನ ಮಾತು.

ಈ ವೈರಸ್ ಮಾಮೂಲಿ ಇಲಿಗೆ ಅಂಟೋದೇ ಇಲ್ಲ. ಅದಕ್ಕೆ 1987ರಲ್ಲಿ ವಿಜ್ಞಾನಿಗಳು, ಮನುಷ್ಯರ ಲಿವರ್ ಗಡ್ಡೆಯಿಂದ ಬೆಳೆಸಿದ್ದ ಹೆಪ್‌ಜಿ2 ಅನ್ನೋ ಜೀವಕೋಶಗಳಿಗೆ ವೈರಸ್‌ನ ಡಿಎನ್‌ಎ ಸೇರಿಸಿದರು. ಕೋಶಗಳು ತಾವೇ ವೈರಸ್ ತಯಾರಿಸಿ ಹೊರಗೆ ಬಿಡತೊಡಗಿದವು. ಇಂಥ ಕೋಶಗಳನ್ನು ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿ, ಒಂದೊಂದು ಗುಳಿಗೆ ಒಂದೊಂದು ಪ್ರಮಾಣದಲ್ಲಿ ಔಷಧ ಹಾಕ್ತಾರೆ. ಕೆಲವು ದಿನ ಬಿಟ್ಟು ವೈರಸ್ ಎಷ್ಟು ಉಳಿದಿದೆ ಅಂತ ಅಳೀತಾರೆ. ವೈರಸ್ ಅರ್ಧಕ್ಕೆ ಇಳಿಯಲು ಎಷ್ಟು ಔಷಧ ಬೇಕು ಅನ್ನೋದು ಒಂದು ಅಂಕಿ. ಅರ್ಧ ಕೋಶಗಳೇ ಸಾಯಲು ಎಷ್ಟು ಬೇಕು ಅನ್ನೋದು ಇನ್ನೊಂದು. ಎರಡರ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಒಳ್ಳೇದು.

ನಾನು ಬಿ.ಕಾಂ. ಓದಿದವನು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ ಮಾತ್ರಕ್ಕೆ ನಮ್ಮಲ್ಲಿ ಯಾರೂ ಲೆಕ್ಕ ಸರಿ ಇದೆ ಅಂತ ಸಹಿ ಹಾಕಲ್ಲ. ಇಲ್ಲೂ ಹಾಗೇ.

ಫಿಯಲುರಿಡಿನ್ ಅಂತ ಒಂದು ಔಷಧ ಇತ್ತು. ವೈರಸ್ ತಡೆಯೋದರಲ್ಲಿ ಗಟ್ಟಿ. ಇಲಿ, ನಾಯಿ, ಮಂಗಗಳ ಪರೀಕ್ಷೆಯಲ್ಲೂ ಲಿವರ್ ಹಾಳಾಗುವ ಸುಳಿವು ಸಿಗಲಿಲ್ಲ. 1993ರಲ್ಲಿ ಅಮೆರಿಕದ ಎನ್‌ಐಎಚ್‌ನಲ್ಲಿ 15 ರೋಗಿಗಳಿಗೆ 24 ವಾರ ಕೊಡೋದು ಅಂತ ಶುರು ಮಾಡಿದರು. 13ನೇ ವಾರ ಒಬ್ಬರ ಲಿವರ್ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಕೂಡಲೇ ಎಲ್ಲರಿಗೂ ಔಷಧ ನಿಲ್ಲಿಸಿದರು. ಆದ್ರೆ ನಿಲ್ಲಿಸಿದ ಮೇಲೂ ಹಾನಿ ನಿಲ್ಲಲಿಲ್ಲ. ಒಟ್ಟು ಏಳು ಜನರ ಲಿವರ್ ಹಾಳಾಯ್ತು. ಐವರು ತೀರಿಕೊಂಡರು. ಇಬ್ಬರು ಉಳಿದದ್ದು ಲಿವರ್ ಕಸಿಯಿಂದ.

ಆಗಿದ್ದೇನು? ಡಿಎನ್‌ಎ ಅನ್ನೋ ಗೋಡೆ ಕಟ್ಟುವಾಗ ಈ ಔಷಧ ನಕಲಿ ಇಟ್ಟಿಗೆಯಾಗಿ ಸೇರಿಕೊಳ್ಳುತ್ತೆ. ವೈರಸ್ ಕೆಡೋದು ಹಾಗೇ. ಅದೇ ಇಟ್ಟಿಗೆ ರೋಗಿಗಳ ಮೈಟೋಕಾಂಡ್ರಿಯಾದ ಡಿಎನ್‌ಎಗೂ ಸೇರಿತ್ತು. ಅಂದ್ರೆ ಜೀವಕೋಶಕ್ಕೆ ಶಕ್ತಿ ಕೊಡೋ ಭಾಗಕ್ಕೇ ಪೆಟ್ಟು. ಅದು ನಿಧಾನ ವಿಷ, ಕೆಲವೇ ದಿನದ ಪರೀಕ್ಷೆಗೆ ಸಿಗೋದು ಕಷ್ಟ. ಇಲಿ ಯಾಕೆ ತಪ್ಪಿಸಿಕೊಂಡಿತು ಅಂದ್ರೆ, ಈ ಔಷಧವನ್ನು ಮೈಟೋಕಾಂಡ್ರಿಯಾದ ಒಳಗೆ ಬಿಡೋ ಒಂದು ಪ್ರೋಟೀನ್ ಮನುಷ್ಯರಲ್ಲಿದೆ, ಇಲಿಯ ಮೈಟೋಕಾಂಡ್ರಿಯಾದಲ್ಲಿ ಇಲ್ಲ.

2014ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರ ತಂಡ, ಮನುಷ್ಯರ ಲಿವರ್ ಕೋಶಗಳನ್ನು ಒಳಗೆ ಬೆಳೆಸಿದ್ದ ಇಲಿಗಳಿಗೆ ಅದೇ ಫಿಯಲುರಿಡಿನ್ ಕೊಟ್ಟು ನೋಡಿತು. ಅವುಗಳ ಲಿವರ್ ಹಾಳಾಯ್ತು. ಮನುಷ್ಯರ ಕೋಶ ಇಲ್ಲದ ಇಲಿಗಳು ಆರಾಮಾಗಿದ್ದವು.